ಸಾಲ ಇಳಿಸಿಕೊಡುತ್ತೇವೆ ಎಂದವರ ಕೈಗೆ ದೊಡ್ಡಮ್ಮನ ಚೆಕ್ಕು ಕೊಟ್ಟೆವು

ನಿಮ್ಮ ಮನೆಯಲ್ಲಿ ಪಿಂಚಣಿ ನಂಬಿ ಬದುಕುವ ಹಿರಿಯರಿದ್ದು, ಅವರ ತಲೆಯ ಮೇಲೆ ತೀರಿಸಲಾಗದ ಸಾಲವಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. "ನಿಮ್ಮ ಸಾಲವನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ" ಎನ್ನುವ ಯಾರ ಬಳಿಗೂ ಅವರನ್ನು ಕರೆದುಕೊಂಡು ಹೋಗಬೇಡಿ. ನಾನು ಕರೆದುಕೊಂಡು ಹೋದೆ. ಕಳೆದದ್ದು ₹32,500. ಹಣ ಹೋದದ್ದು ಹಾಗಿರಲಿ, ಎಪ್ಪತ್ತೊಂದು ವರ್ಷದ ನನ್ನ ದೊಡ್ಡಮ್ಮ ಐದು ತಿಂಗಳು ತಮ್ಮದೇ ಮನೆಯ ಬಾಗಿಲು ತೆರೆಯಲು ಹೆದರಿಕೊಂಡು ಬದುಕಿದರು.

ದೊಡ್ಡಮ್ಮ ಇರುವುದು ಮಂಡ್ಯದ ಗುತ್ತಲಿನಲ್ಲಿ. ದೊಡ್ಡಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು, ಈಗಿಲ್ಲ. ಅವರ ಕುಟುಂಬ ಪಿಂಚಣಿ ವೈದ್ಯಕೀಯ ಭತ್ಯೆಯೂ ಸೇರಿ 2024ರ ಜೂನ್‌ನಲ್ಲಿ ₹14,500 ಬರುತ್ತಿತ್ತು. ಒಬ್ಬರ ಊಟ, ಔಷಧಿಗೆ ಅದು ಸಾಕು. ಆದರೆ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಹಾಕಿದ್ದ ಮೊಬೈಲ್ ಅಂಗಡಿ ಕೋವಿಡ್ ಹೊತ್ತಿನಲ್ಲಿ ಕುಸಿಯಿತು. ಅದನ್ನು ಎತ್ತಿ ನಿಲ್ಲಿಸುತ್ತೇನೆಂದು ಅವನು ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ. ಸಹ ಸಾಲಗಾರರಾಗಿ ದೊಡ್ಡಮ್ಮ ಸಹಿ ಹಾಕಿದರು. ಅದು ಸಾಲದಾದಾಗ ಪಿಂಚಣಿಯ ಮೇಲೆ ಬ್ಯಾಂಕಿನಲ್ಲಿ ಸಾಲ. ಅದೂ ಸಾಲದಾದಾಗ ಅತ್ತಿಗೆಯ ಹೆಸರಿನಲ್ಲಿ ಎರಡು ಮೈಕ್ರೋ ಫೈನಾನ್ಸ್ ಸಂಘಗಳಲ್ಲಿ ಸಾಲ. ಕೊನೆಗೆ ಪರಿಚಯದವರೊಬ್ಬರಿಂದ ₹60,000 ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ.

ಇದೆಲ್ಲ ನಮಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಹೋದಾಗ ದೊಡ್ಡಮ್ಮನ ಕೈಯಲ್ಲಿ ಬಳೆ ಇರಲಿಲ್ಲ. ಕೇಳಿದ್ದಕ್ಕೆ "ಸವೆದಿತ್ತು ಮಗಳೇ, ಬೀರುವಿನಲ್ಲಿ ಇಟ್ಟಿದ್ದೇನೆ" ಎಂದರು. ಬಳೆ ಇದ್ದದ್ದು ಗಿರವಿ ಅಂಗಡಿಯಲ್ಲಿ. ಹಿರಿಯರು ಸಾಲವನ್ನು ಕಾಯಿಲೆಗಿಂತ ಹೆಚ್ಚಾಗಿ ಮುಚ್ಚಿಡುತ್ತಾರೆ. ಅವರ ಮಾತಿಗಿಂತ ಅವರ ಮನೆ ಹೆಚ್ಚು ಹೇಳುತ್ತದೆ. ನನಗೆ ಹೇಳಿದ್ದು ರಕ್ತದೊತ್ತಡದ ಮಾತ್ರೆಯ ಹಾಳೆ. ಏಪ್ರಿಲ್‌ನಲ್ಲಿ ನಾನೇ ತಂದುಕೊಟ್ಟಿದ್ದ ಮೂವತ್ತು ಮಾತ್ರೆಗಳಲ್ಲಿ ಜೂನ್ ಹೊತ್ತಿಗೆ ಇನ್ನೂ ಆರು ಉಳಿದಿದ್ದವು. ದಿನ ಬಿಟ್ಟು ದಿನ ನುಂಗುತ್ತಿದ್ದರು. ಆಗ ಕೂತು ಕೇಳಿದ್ದಕ್ಕೆ ಒಂದೊಂದಾಗಿ ಕಾಗದಗಳು ಹೊರಬಂದವು.

ತಿಂಗಳ ಲೆಕ್ಕ ಹೀಗಿತ್ತು: ಪಿಂಚಣಿ ಸಾಲಕ್ಕೆ ₹4,600, ಅದನ್ನು ಬ್ಯಾಂಕೇ ಮುರಿದುಕೊಳ್ಳುತ್ತಿತ್ತು. ಫೈನಾನ್ಸ್ ಕಂಪನಿಗೆ ₹6,400. ಸಂಘಗಳಿಗೆ ₹3,600. ಕೈಸಾಲದ ಬಡ್ಡಿಗೆ ₹1,800. ಒಟ್ಟು ₹16,400. ಬರುವುದು ₹14,500. ಅಕ್ಕಿ, ಗ್ಯಾಸ್, ಔಷಧಿ ಯಾವುದನ್ನೂ ಲೆಕ್ಕಕ್ಕೆ ಹಿಡಿಯುವ ಮೊದಲೇ ₹1,900 ಕೊರತೆ. ಆ ಕೊರತೆಯನ್ನು ತುಂಬಲು ಮತ್ತೆ ಸಾಲ.

ಆ ರಾತ್ರಿ ಮೈಸೂರಿಗೆ ರೈಲಿನಲ್ಲಿ ಬರುವಾಗ ಮೊಬೈಲಿನಲ್ಲಿ ಹುಡುಕಿದೆ. ಸಾಲದಿಂದ ಮುಕ್ತಿ ಕೊಡಿಸುತ್ತೇವೆ ಎಂಬ ಜಾಹೀರಾತು ತಾನಾಗಿ ಎದುರು ಬಂತು. ಕಚೇರಿ ಮೈಸೂರಿನಲ್ಲೇ ಇತ್ತು. ಹೆಸರು ಬರೆಯುವುದಿಲ್ಲ, ಪ್ರಕರಣ ನಡೆಯುತ್ತಿದೆ. ಹೆಸರು ಬರೆದರೂ ನಾಳೆ ಬೇರೆ ಫಲಕ ಹಾಕಿಕೊಳ್ಳುತ್ತಾರೆ. ನೀವು ಗುರುತಿಡಬೇಕಾದದ್ದು ಅವರ ಮಾತುಗಳನ್ನು.

ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, "ಅಮ್ಮಾ, ಇನ್ನು ಮೇಲೆ ನಿಮ್ಮ ಚಿಂತೆ ನಮ್ಮದು" ಎಂದರು. ಎಷ್ಟೋ ದಿನಗಳ ಮೇಲೆ ಅವರು ನಿರಾಳವಾಗಿ ಉಸಿರಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಆ ಉಸಿರಿಗೇ ಅವರು ಬೆಲೆ ಕಟ್ಟುವುದು. ನೋಂದಣಿಗೆ ₹15,000, ಆಮೇಲೆ ತಿಂಗಳಿಗೆ ₹3,500 ಸಂಧಾನ ಶುಲ್ಕ. ಕಂತು ಕಟ್ಟುವುದನ್ನು ನಿಲ್ಲಿಸಿ, ಫೋನ್ ಎತ್ತಬೇಡಿ, ನೋಟಿಸ್ ಬಂದರೆ ಪಕ್ಕಕ್ಕಿಡಿ, ಆರು ತಿಂಗಳಾದರೆ ಕಂಪನಿಯೇ ನೂರಕ್ಕೆ ನಲವತ್ತಕ್ಕೆ ಒಪ್ಪಿಕೊಳ್ಳುತ್ತದೆ ಎಂದರು. ಪಿಂಚಣಿ ಬಿದ್ದ ದಿನವೇ ಹಣ ತೆಗೆದುಬಿಡಿ, ಆಗ ಕಂತಿಗೆ ಖಾತೆಯಲ್ಲಿ ಏನೂ ಸಿಗುವುದಿಲ್ಲ ಎಂದೂ ಕಲಿಸಿದರು. ಭದ್ರತೆಗೆಂದು ಸಹಿ ಮಾಡಿದ ಎರಡು ಖಾಲಿ ಚೆಕ್ಕು ತೆಗೆದುಕೊಂಡರು. ಚೆಕ್ಕಿನ ಮೇಲೆ ಸಹಿ ಹಾಕುವಾಗ ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅದನ್ನು ಮರೆಯಲು ನನ್ನಿಂದ ಆಗುತ್ತಿಲ್ಲ.

ಜುಲೈಯಿಂದ ಕಂತು ನಿಂತಿತು. ಪ್ರತಿ ತಿಂಗಳು ಐದನೆಯ ತಾರೀಖು ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾಗುತ್ತಿತ್ತು. ಪ್ರತಿ ಸಲಕ್ಕೂ ಬ್ಯಾಂಕು ಜಿಎಸ್‌ಟಿ ಸೇರಿ ₹590 ಹಾಕುತ್ತಿತ್ತು, ಕಂಪನಿ ತನ್ನ ದಂಡವನ್ನು ಬೇರೆಯಾಗಿ ಸೇರಿಸುತ್ತಿತ್ತು. ಇದನ್ನಾದರೂ ಸಹಿಸಬಹುದಿತ್ತು. ಸಂಘದ ಕಂತು ನಿಂತದ್ದು ಬೇರೆಯದೇ ಕಥೆ. ಅಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆ ಉಳಿದವರು ಯಾರು? ಎದುರು ಮನೆಯವರು, ಹಿಂದಿನ ಬೀದಿಯಲ್ಲಿ ಹೂ ಕಟ್ಟುವವರು, ನಲವತ್ತು ವರ್ಷದಿಂದ ಅರಿಶಿನ ಕುಂಕುಮಕ್ಕೆ ಬರುವವರು. ಒಂದು ಬೆಳಿಗ್ಗೆ ಅವರಲ್ಲಿ ಆರು ಮಂದಿ ಬಂದು ಜಗುಲಿಯ ಮುಂದೆ ನಿಂತರು. ಬೈಯಲಿಲ್ಲ. "ನಮ್ಮ ಹತ್ತಿರವೂ ಇಲ್ಲ ಅಕ್ಕಾ" ಎಂದಷ್ಟೇ ಹೇಳಿದರು. ಮೈಸೂರಿನ ಕಚೇರಿಯವರಿಗೆ ಸಂಘದ ಸಾಲವೂ ಫೈನಾನ್ಸ್ ಸಾಲವೂ ಒಂದೇ. ಬೀದಿಯಲ್ಲಿ ಬದುಕುವವರಿಗೆ ಒಂದೇ ಅಲ್ಲ.

ನವೆಂಬರ್‌ನಲ್ಲಿ ನಾನು ಹೋದಾಗ ಅನ್ನಕ್ಕಿಡಲು ಅಕ್ಕಿ ಡಬ್ಬದ ಮುಚ್ಚಳ ತೆಗೆದೆ. ಅಕ್ಕಿಯೊಳಗೆ ಟವೆಲ್ ಸುತ್ತಿದ ಗಂಟು. ಬಿಚ್ಚಿದರೆ ಮೊಬೈಲ್, ಅದರಲ್ಲಿ ಅರವತ್ತಕ್ಕೂ ಹೆಚ್ಚು ತಪ್ಪಿದ ಕರೆಗಳು. ಆರಿಸುವುದು ಹೇಗೆಂದು ಗೊತ್ತಿಲ್ಲದೆ, ಶಬ್ದ ಕೇಳಿಸದಿರಲೆಂದು ಅದನ್ನು ಅಕ್ಕಿಯಲ್ಲಿ ಹೂತಿದ್ದರು. "ರಾತ್ರಿ ಒಂಬತ್ತಕ್ಕೂ ಮಾಡುತ್ತಾರೆ ಮಗಳೇ, ಪೊಲೀಸರನ್ನು ಕಳಿಸುತ್ತೇವೆ ಎನ್ನುತ್ತಾರೆ" ಎಂದರು.

ಅದೇ ದಿನ ಇನ್ನೊಂದು ವಿಷಯ ತಿಳಿಯಿತು. ಪಿಂಚಣಿದಾರರು ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿಗೆ ಹೋದರೆ ಹಿಡಿದು ಕೂರಿಸುತ್ತಾರೆಂಬ ಭಯಕ್ಕೆ ದೊಡ್ಡಮ್ಮ ಹೋಗಿರಲೇ ಇಲ್ಲ. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಕೊಡದಿದ್ದರೆ ಇದ್ದ ಒಂದೇ ಆದಾಯವೂ ನಿಲ್ಲುತ್ತಿತ್ತು. ಅಂಚೆ ಕಚೇರಿಗೆ ಹೇಳಿದರೆ ₹70ಕ್ಕೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ಪಡೆದು ಪ್ರಮಾಣಪತ್ರ ಮಾಡಿಕೊಡುತ್ತಾರೆ. ಮರುದಿನವೇ ಒಬ್ಬ ಹುಡುಗ ಬಂದ. ಸವೆದ ಬೆರಳು ಯಂತ್ರಕ್ಕೆ ಹತ್ತಲಿಲ್ಲ, ನಾಲ್ಕನೆಯ ಸಲಕ್ಕೆ ಹತ್ತಿತು. ಗೋಡೆಯ ಮೇಲೆ ಖಾಕಿ ತೊಟ್ಟ ದೊಡ್ಡಪ್ಪನ ಪಟ ನೋಡಿ "ನಮ್ಮವರೇ" ಎಂದ. ದೊಡ್ಡಮ್ಮ ಅವನಿಗೆ ಕಾಫಿ ಮಾಡಿಕೊಟ್ಟರು. ಆ ಐದು ತಿಂಗಳಲ್ಲಿ ಹೊರಗಿನವರು ಯಾರಾದರೂ ಆ ಮನೆಯಲ್ಲಿ ಕಾಫಿ ಕುಡಿದದ್ದು ಅದೇ ಮೊದಲು.

ಹಾಸಿಗೆಯ ಕೆಳಗೆ ಪಕ್ಕಕ್ಕಿಟ್ಟಿದ್ದ ಲಕೋಟೆಗಳಲ್ಲಿ ಆರ್ಬಿಟ್ರೇಷನ್ ನೋಟಿಸ್ ಇತ್ತು, ಅಂದರೆ ನ್ಯಾಯಾಲಯದ ಹೊರಗೆ ಮಧ್ಯಸ್ಥಗಾರರ ಮುಂದೆ ನಡೆಯುವ ವಿಚಾರಣೆಗೆ ಕರೆ. ಕಚೇರಿಗೆ ಅದರ ಫೋಟೊ ಕಳಿಸಿದಾಗ "ಹೆದರಿಸಲು ಕಳಿಸುತ್ತಾರೆ" ಎಂದಿದ್ದರಂತೆ. ಅದು ಹೆದರಿಸುವ ಕಾಗದವಲ್ಲ. ನಾವು ಹಾಜರಾಗದ ಕಾರಣ ನಮ್ಮ ಮಾತನ್ನೇ ಕೇಳದೆ ತೀರ್ಪು ಬಂದಿತ್ತು. ₹1.70 ಲಕ್ಷವಿದ್ದ ಬಾಕಿ ದಂಡ, ವೆಚ್ಚ ಸೇರಿ ₹2.26 ಲಕ್ಷವಾಗಿತ್ತು. ಅಂಥ ತೀರ್ಪನ್ನು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಕಚೇರಿಗೆ ಹೋಗಿ ಕೇಳಿದೆ. ಆ ಐದು ತಿಂಗಳಲ್ಲಿ ಅವರು ಫೈನಾನ್ಸ್ ಕಂಪನಿಗೆ ಬರೆದದ್ದು ಒಂದೇ ಒಂದು ಇ-ಮೇಲ್. ಇನ್ನು ಶುಲ್ಕ ಕಟ್ಟುವುದಿಲ್ಲ ಎಂದದ್ದಕ್ಕೆ ಒಂದು ಚೆಕ್ಕಿನಲ್ಲಿ ₹20,000 ಎಂದು ತುಂಬಿ ಬ್ಯಾಂಕಿಗೆ ಹಾಕಿದರು. ಅದು ವಾಪಸಾಯಿತು. ಚೆಕ್ ಬೌನ್ಸ್ ಪ್ರಕರಣ ಹಾಕುತ್ತೇವೆ ಎಂದು ನೋಟಿಸ್ ಕಳಿಸಿದರು. ಸಾಲದಿಂದ ಬಿಡಿಸಲು ಬಂದವರೇ ಹೊಸ ವಸೂಲಿಗಾರರಾಗಿ ಬಾಗಿಲಿಗೆ ನಿಂತರು.

ಅಲ್ಲಿಂದ ಮುಂದೆ ನಮಗೆ ದಾರಿ ತೋರಿಸಿದ್ದು ಮಂಡ್ಯದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ. ನಾವು ಮೊದಲ ದಿನವೇ ಅಲ್ಲಿಗೆ ಹೋಗಬೇಕಿತ್ತು. ನೇಮಕವಾದ ವಕೀಲೆ ಕಾಗದಗಳನ್ನೆಲ್ಲ ಎರಡು ಗಂಟೆ ಓದಿದರು. ಆಮೇಲೆ ನನ್ನನ್ನು ಬಿಟ್ಟು ದೊಡ್ಡಮ್ಮನ ಕಡೆಗೇ ತಿರುಗಿ ಮಾತನಾಡಿದರು.

"ಅಮ್ಮಾ, ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಕಂತಿನ ಬಾಕಿ ವಸೂಲಿ ಮಾಡುವುದು ಪೊಲೀಸರ ಕೆಲಸವಲ್ಲ. ಸರ್ಕಾರಿ ಪಿಂಚಣಿಯನ್ನು ಸಾಲಕ್ಕಾಗಿ ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ." 1871ರ ಪಿಂಚಣಿ ಕಾಯ್ದೆಯ 11ನೇ ಕಲಮಿನಲ್ಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೂ ಈ ರಕ್ಷಣೆ ಇದೆ. ದೊಡ್ಡಮ್ಮ "ನಿಜವೇ?" ಎಂದು ಎರಡು ಸಲ ಕೇಳಿದರು.

ಆದರೆ ವಕೀಲೆ ಸುಳ್ಳು ಸಮಾಧಾನ ಹೇಳಲಿಲ್ಲ. ಕಾನೂನು ಪಿಂಚಣಿಯನ್ನು ಜಪ್ತಿಯಿಂದ ಕಾಯುತ್ತದೆ, ಕಂತನ್ನು ಖಾತೆಯಿಂದ ನೇರವಾಗಿ ಮುರಿದುಕೊಳ್ಳಿ ಎಂದು ನಾವೇ ಬರೆದುಕೊಟ್ಟ ಅನುಮತಿಯಿಂದ ಕಾಯುವುದಿಲ್ಲ. ಆ ಅನುಮತಿ ರದ್ದು ಮಾಡಲು ಬ್ಯಾಂಕಿಗೆ ನಾವೇ ಅರ್ಜಿ ಕೊಡಬೇಕು. ಗುತ್ತಲಿನ ಮನೆಗೂ ಪಿಂಚಣಿಗಿರುವ ರಕ್ಷಣೆ ಇಲ್ಲ, ಡಿಕ್ರಿ ಜಾರಿಯಾದರೆ ಮನೆಗೆ ಕೈ ಹಾಕಬಹುದು. ಹಾಗಾಗಿ ಫೈನಾನ್ಸ್ ಸಾಲವನ್ನು ಕಡೆಗಣಿಸುವಂತಿರಲಿಲ್ಲ. ಮಾರ್ಚ್‌ನ ಲೋಕ ಅದಾಲತ್‌ನಲ್ಲಿ ಅದು ₹1.50 ಲಕ್ಷಕ್ಕೆ ಇತ್ಯರ್ಥವಾಯಿತು. ಅಣ್ಣ ಅಂಗಡಿಯಲ್ಲಿ ಉಳಿದ ಸಾಮಾನು, ಸ್ಕೂಟರ್ ಮಾರಿ ₹45,000 ಕಟ್ಟಿದ. ಉಳಿದದ್ದಕ್ಕೆ ತಿಂಗಳಿಗೆ ₹5,000ದಂತೆ 21 ಕಂತು. ಈಗ ಅವನು ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಾನೆ, ಕಂತು ಅವನ ಸಂಬಳದಿಂದಲೇ ಹೋಗುತ್ತದೆ. ನೂರಕ್ಕೆ ನಲವತ್ತು ಎಂಬ ಪವಾಡ ನಡೆಯಲಿಲ್ಲ. ಆದರೂ ಇದಕ್ಕೆ ನಾವು ಯಾರಿಗೂ ಒಂದು ರೂಪಾಯಿ ಶುಲ್ಕ ಕೊಡಲಿಲ್ಲ.

ಸಂಘದ ಬಾಕಿಯನ್ನು ಮಾತ್ರ ನಾವು ಅಕ್ಕತಂಗಿಯರು, ತಮ್ಮಂದಿರು ಸೇರಿ ತೀರಿಸಿದೆವು. ಅದನ್ನು ಸಾಲವೆಂದು ಕೊಡಲಿಲ್ಲ. ಕೈಯಲ್ಲಿದ್ದರೆ ಹಿರಿಯರಿಗೆ ಹಾಗೆಯೇ ಕೊಟ್ಟುಬಿಡಿ, ಇಲ್ಲದಿದ್ದರೆ ಇಲ್ಲ ಎನ್ನಿ. ನೆಂಟರ ಸಾಲವೂ ಸಾಲವೇ, ಅದನ್ನು ನೆನೆದು ಅವರು ಮತ್ತೆ ಮಾತ್ರೆ ಉಳಿಸಲು ಶುರು ಮಾಡುತ್ತಾರೆ. ಕೈಸಾಲದವರಿಗೆ ಮೂರು ವರ್ಷದಲ್ಲಿ ಬಡ್ಡಿಯೇ ₹64,800 ಸಂದಿತ್ತು. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 2004ರಿಂದಲೇ ಇದೆ ಎಂದು ವಕೀಲೆ ತಿಳಿಸಿದ ಮೇಲೆ, ಬಡ್ಡಿ ಬಿಟ್ಟು ಅಸಲನ್ನು ನಿಧಾನವಾಗಿ ತೆಗೆದುಕೊಳ್ಳಲು ಒಪ್ಪಿದರು. ಬಳೆ ಹೋಯಿತು.

ರಾತ್ರಿ ಬರುತ್ತಿದ್ದ ಕರೆಗಳ ಬಗ್ಗೆ ಹೇಳಲೇಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮೈಕ್ರೋ ಫೈನಾನ್ಸ್ ಆದರೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಕರೆ ಬಂದ ದಿನ, ಗಂಟೆ, ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅದರ ಸಹಾಯವಾಣಿ 14448. ನಾವು ಹದಿನೇಳು ಕರೆಗಳ ಪಟ್ಟಿ ಕೊಟ್ಟೆವು, ಎರಡೇ ವಾರದಲ್ಲಿ ರಾತ್ರಿಯ ಕರೆ ನಿಂತಿತು. 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರವೂ ಸುಗ್ರೀವಾಜ್ಞೆ ತಂದಿತು.

ಆದರೆ ಸಾಲ ಇಳಿಸುತ್ತೇವೆ ಎನ್ನುವ ಕಚೇರಿಯ ಮೇಲೆ ಓಂಬುಡ್ಸ್‌ಮನ್‌ಗೆ ದೂರು ಕೊಡಲು ಬರುವುದಿಲ್ಲ. ಅದು ಬ್ಯಾಂಕೂ ಅಲ್ಲ, ಫೈನಾನ್ಸೂ ಅಲ್ಲ. ಅದಕ್ಕೆ ನಾವು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದ್ದೇವೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ತೀರ್ಮಾನ ಇನ್ನೂ ಆಗಿಲ್ಲ.

ಎರಡನೆಯ ಖಾಲಿ ಚೆಕ್ಕು ಈಗಲೂ ಅವರ ಬಳಿಯೇ ಇದೆ. ನೀವು ಈಗಾಗಲೇ ಯಾರಿಗಾದರೂ ಇಂಥ ಚೆಕ್ಕು ಕೊಟ್ಟಿದ್ದರೆ ನಾಳೆಯವರೆಗೆ ಕಾಯಬೇಡಿ. ಚೆಕ್ಕಿನ ಸಂಖ್ಯೆ ಬರೆದು, ಹಣ ಪಾವತಿ ಮಾಡಬಾರದೆಂದು ಬ್ಯಾಂಕಿಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಯಾವ ಕಾರಣಕ್ಕೆ ಕೊಟ್ಟದ್ದು, ಏಕೆ ವಾಪಸ್ ಕೇಳುತ್ತಿದ್ದೀರಿ ಎಂದು ಆ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಚೆಕ್ ಬೌನ್ಸ್ ನೋಟಿಸ್ ಬಂದರೆ ಹದಿನೈದು ದಿನ ಕಳೆಯುವ ಮೊದಲೇ ವಕೀಲರಿಂದ ಉತ್ತರ ಕೊಡಿಸಿ. ನಮಗೆ ಬಂದ ನೋಟಿಸಿಗೆ ಹನ್ನೊಂದನೆಯ ದಿನ ಉತ್ತರ ಹೋಯಿತು. ಇವತ್ತಿನವರೆಗೆ ಅವರು ಪ್ರಕರಣ ಹಾಕಿಲ್ಲ.