ಕಿಟಾಕ್ಯೂಶೂಗೆ ಹೋದ್ರೆ ಹಿಗಾಶಿದಾ ಫರ್ನೇಸ್ ನೋಡ್ದೇ ಬರಬೇಡಿ

ಜಪಾನಿನ ಫುಕುವೋಕಾ ಸುತ್ತಿ ರಾಮೆನ್ ತಿಂದು ವಾಪಸ್ ಬರೋ ಪ್ಲ್ಯಾನ್ ಇರೋರು ಇನ್ನೊಂದರ್ಧ ದಿನ ಕಿಟಾಕ್ಯೂಶೂಗೆ ಇಟ್ಕೊಳ್ಳಿ. ಸ್ಪೇಸ್ ವರ್ಲ್ಡ್ ಸ್ಟೇಷನ್‌ನಲ್ಲಿ ಇಳೀಬೇಕು (ಆ ಹೆಸರಿನ ಪಾರ್ಕ್ 2017ರ ಕೊನೇಲೇ ಮುಚ್ಚೋಯ್ತು, ಸ್ಟೇಷನ್ ಹೆಸರು ಹಾಗೇ ಉಳ್ಕೊಂಡಿದೆ), ಸ್ವಲ್ಪ ನಡೆದ್ರೆ ತಲೆ ಮೇಲೆ 1901 ಅಂತ ದೊಡ್ಡದಾಗಿ ಬರೆದಿರೋ ಫರ್ನೇಸ್, ಅಂದ್ರೆ ಅದಿರು ಕರಗಿಸಿ ಕಬ್ಬಿಣ ತೆಗೀತಿದ್ದ ಹಳೇ ಕುಲುಮೆ, ಕಾಣುತ್ತೆ. ಟಿಕೆಟ್ ಇಲ್ಲ, ಫ್ರೀ.

ದೂರದಿಂದ ನೋಡಿ ಫೋಟೋ ಹೊಡ್ಕೊಂಡು ಹೋಗೋ ಜಾಗ ಅಲ್ಲ ಇದು, ಒಳಗೇ ಬಿಡ್ತಾರೆ. ಕರಗಿದ ಕಬ್ಬಿಣ ಹೊರಗೆ ಬರ್ತಿದ್ದ ಬಾಯಿ ಹತ್ರಾನೇ ಹೋಗಬಹುದು, ಅಲ್ಲಿ ಕೆಲಸಗಾರರ ಗೊಂಬೆಗಳನ್ನ ಇಟ್ಟಿದಾರೆ, ಅಷ್ಟು ಬೆಂಕಿ ಪಕ್ಕ ಮನುಷ್ಯರು ನಿಂತು ಕೆಲಸ ಮಾಡ್ತಿದ್ರು ಅಂತ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಕಾದ ಕಬ್ಬಿಣ ಸಾಗಿಸ್ತಿದ್ದ ಟಾರ್ಪಿಡೋ ವ್ಯಾಗನ್ ಕೂಡ ಇದೆ.

ಕಥೆ ಗೊತ್ತಿದ್ರೆ ಇನ್ನೂ ಚೆನ್ನ. ಚಿಕುಹೋ ಕಲ್ಲಿದ್ದಲು ಗಣಿ ಹತ್ರ ಇದೆ ಅಂತ ಈ ಫರ್ನೇಸ್ ಇರೋ ಯಾವಾಟಾ ಅನ್ನೋ ಊರನ್ನ ಆರಿಸಿ, ಚೀನಾದಿಂದ ಬಂದ ಯುದ್ಧ ಪರಿಹಾರದ ದುಡ್ಡನ್ನೂ ಹಾಕಿ, ಜರ್ಮನ್ ಡಿಸೈನ್ ತಂದು ಸರ್ಕಾರಾನೇ ಕಟ್ಟಿದ ಕಾರ್ಖಾನೆ. 1901ರಲ್ಲಿ ಬೆಂಕಿ ಹಾಕಿದ್ರು, ಸರಿಯಾಗಿ ನಡೀಲಿಲ್ಲ, ಮುಂದಿನ ವರ್ಷಾನೇ ನಿಲ್ಲಿಸಬೇಕಾಯ್ತು. ನೋರೋ ಕಾಗೆಯೋಶಿ ಅನ್ನೋ ಎಂಜಿನಿಯರ್ ಫರ್ನೇಸಿನ ಒಳಗಿನ ಆಕಾರಾನೇ ಬದಲಾಯಿಸಿದ್ಮೇಲೆ 1904ರಲ್ಲಿ ದಾರಿಗೆ ಬಂತು. ಈಗ ನಿಂತಿರೋದು 1962ರಲ್ಲಿ ಮತ್ತೆ ಕಟ್ಟಿದ್ದು, 1972ರ ತನಕ ಓಡ್ತು. 1923ರಲ್ಲಿ ಇದ್ದಿಲು ಹಾಕಿ ಕಬ್ಬಿಣ ತೆಗೆಯೋಕೆ ಶುರು ಮಾಡಿದ ಭದ್ರಾವತಿ ಕಡೆಯೋರಿಗಂತೂ ಇದೆಲ್ಲ ನಮ್ಮೂರ ಕಥೆ ಕೇಳಿದ ಹಾಗೇ ಇರುತ್ತೆ.

ಆಮೇಲೆ ಹತ್ರಾನೇ ಇರೋ ಎನ್ವಿರಾನ್‌ಮೆಂಟ್ ಮ್ಯೂಸಿಯಂಗೆ ಹೋಗ್ಲೇಬೇಕು, ಅದೂ ಫ್ರೀ. ಯಾವಾಟಾ, ತೊಬಾಟಾ, ಕೊಕುರಾ, ಮೋಜಿ, ವಾಕಾಮಾತ್ಸು ಐದೂ ಊರು ಸೇರಿ 1963ರಲ್ಲಿ ಕಿಟಾಕ್ಯೂಶೂ ಅನ್ನೋ ಒಂದೇ ಸಿಟಿ ಆಯ್ತು, ಆ ಟೈಮಿಗೆ ಫ್ಯಾಕ್ಟರಿಗಳ ಗಲೀಜಿಂದ ಊರಿನ ದೋಕಾಯ್ ಕೊಲ್ಲಿಲಿ ಮೀನೇ ಇರ್ಲಿಲ್ಲ, ಸತ್ತ ಸಮುದ್ರ ಅಂತಿದ್ರು. ಬಣ್ಣದ ಹೊಗೆ ಅಂದ್ರೆ ಊರಿಗೆ ದುಡ್ಡು ಬಂತು ಅಂತ ಹೆಮ್ಮೆ ಪಡೋ ಕಾಲ ಅದು. ಅದರ ಎದುರು ಮೊದಲು ನಿಂತಿದ್ದು ತೊಬಾಟಾದ ಹೆಂಗಸರು, ಎಷ್ಟೋ ಜನರ ಗಂಡಂದಿರು ಅವೇ ಫ್ಯಾಕ್ಟರಿಗಳಲ್ಲಿ ಕೆಲಸಕ್ಕಿದ್ರು, ಆದ್ರೂ ಬೀಳ್ತಿದ್ದ ಮಸಿನ ತಾವೇ ಅಳೆದು, ಲೆಕ್ಕ ಬರೆದು, 1965ರಲ್ಲಿ 8 ಎಂಎಂ ಸಿನಿಮಾನೂ ಮಾಡಿದ್ರು. ನನ್ನ ಪ್ರಕಾರ ಇಡೀ ಊರಿನ ಚರಿತ್ರೇಲಿ ಇದೇ ದೊಡ್ಡ ಕೆಲಸ. 70ರ ದಶಕದಲ್ಲಿ ಕೊಲ್ಲಿಯ ವಿಷದ ಕೆಸರು ಎತ್ತಿ ಹಾಕಿದ್ರು, ಈಗ ಮೀನು ವಾಪಸ್ ಬಂದಿವೆ.

ಮೊದಲು ಫರ್ನೇಸ್, ಆಮೇಲೆ ಮ್ಯೂಸಿಯಂ, ಇದೇ ಆರ್ಡರಲ್ಲಿ ನೋಡಿ. ಫೋನಲ್ಲಿ ಟ್ರಾನ್ಸ್‌ಲೇಟ್ ಆ್ಯಪ್ ಹಾಕ್ಕೊಳ್ಳಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ನನ್ನ ಕಡೆಯಿಂದ 5ಕ್ಕೆ 5.