ಜಿಎಲ್‌ಪಿಐ ಎಂಟು ತಿಂಗಳು ಬಳಸಿದ ಮೇಲೆ: ಕಂಪ್ಯೂಟರ್ ಮುಂದೆ ಕೂತಿದ್ದು ಯಾರು ಅಂತ ಗೊತ್ತಾಗುತ್ತಾ?

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪ್ರಿಂಟರ್ ಪೇಪರ್ ಕಚ್ಚಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಹಾಗಾಗಿ ಕಂಪ್ಯೂಟರ್ ಉಸ್ತುವಾರಿಯೂ ನಂದೇ. ಒಟ್ಟು 19 ಮೆಷಿನ್. ಎರಡು ಆಲ್ದೂರು ಕಡೆ ತೋಟದ ಆಫೀಸಿನಲ್ಲಿವೆ, ಒಂದು ಲಾರಿ ತೂಕ ಹಾಕುವ ವೇ ಬ್ರಿಡ್ಜ್‌ನಲ್ಲಿ, ಉಳಿದವು ಇಲ್ಲೇ.

ಕಳೆದ ಸೀಸನ್‌ನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ) ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದಾಗ, ಒಬ್ಬ ಬೆಳೆಗಾರರ 68 ಮೂಟೆ ಕಂಪ್ಯೂಟರಿನಲ್ಲಿ 86 ಆಗಿಬಿಟ್ಟಿತ್ತು. ಚೀಟಿಯಲ್ಲಿ ಸರಿಯಾಗಿಯೇ ಇತ್ತು. ಧಣಿಗಳು ಬಂದು ಕೇಳಿದ್ದು ಒಂದೇ ಮಾತು, "ಆವತ್ತು ಸಂಜೆ ಅಲ್ಲಿ ಕೂತಿದ್ದು ಯಾರಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಜಿಎಲ್‌ಪಿಐ (GLPI) ಹಾಕಿದ್ದು, ಆಫೀಸಿನ ಕಂಪ್ಯೂಟರ್‌ಗಳ ಲೆಕ್ಕ ಇಡುವ ಸಾಫ್ಟ್‌ವೇರ್.

ಇದು 2003ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಓಪನ್ ಸೋರ್ಸ್ ಸಾಫ್ಟ್‌ವೇರ್. ದುಡ್ಡಿಲ್ಲ. ಮೊದಲೆಲ್ಲ ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ಗಳ ಪಟ್ಟಿ ತಾನಾಗಿಯೇ ಬರಬೇಕು ಅಂದರೆ ಬೇರೆ ಪ್ಲಗಿನ್ ಬೇಕಿತ್ತು, 2022ರಲ್ಲಿ ಬಂದ 10ನೇ ಆವೃತ್ತಿಯಿಂದ ಅದು ಒಳಗೇ ಸೇರಿದೆ. ಮೂಲೆಯಲ್ಲಿದ್ದ ಹಳೇ ಐ3 ಮೆಷಿನ್‌ಗೆ ಉಬುಂಟು ಹಾಕಿ, ಅದಕ್ಕೆ ಬೇಕಾದ ಮರಿಯಾಡಿಬಿ, ಪಿಎಚ್‌ಪಿ ಎಲ್ಲ ಕೂರಿಸಿ ಸರ್ವರ್ ಮಾಡಿಕೊಂಡೆ. ಆಮೇಲೆ ಪ್ರತಿ ವಿಂಡೋಸ್ ಮೆಷಿನ್‌ಗೂ ಏಜೆಂಟ್ (ಮೆಷಿನ್‌ನ ವಿವರ ಸರ್ವರ್‌ಗೆ ಕಳಿಸುವ ಚಿಕ್ಕ ಪ್ರೋಗ್ರಾಂ) ಹಾಕಿ ಸರ್ವರ್ ವಿಳಾಸ ಕೊಟ್ಟರೆ ಆಯಿತು. ಒಂದು ಮಾತು: ಸರ್ವರ್‌ನಲ್ಲಿ ಇನ್ವೆಂಟರಿ, ಅಂದರೆ ಈ ವರದಿ ತೆಗೆದುಕೊಳ್ಳುವುದನ್ನು, ಆನ್ ಮಾಡುವ ಟಿಕ್ ಒಂದಿದೆ, ಅದನ್ನು ನೀವೇ ಹಾಕಬೇಕು. ನಾನು ಓದದೆ ಅರ್ಧ ದಿನ ಫೈರ್‌ವಾಲ್ ಮೇಲೆ ಅನುಮಾನ ಪಡುತ್ತಾ ಕೂತಿದ್ದೆ.

ಸಾಮಾನಿನ ಲೆಕ್ಕಕ್ಕೆ ಇದು ಪಕ್ಕಾ. ರ‍್ಯಾಮ್, ಡಿಸ್ಕ್, ಸೀರಿಯಲ್ ನಂಬರ್, ಯಾವ ಸಾಫ್ಟ್‌ವೇರ್ ಇದೆ, ಎಲ್ಲ ಬರುತ್ತದೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ. ಲಾಗಿನ್ ವಿಷಯಕ್ಕೆ ಬರೋಣ.

ಏಜೆಂಟ್ ಒಂದು ಸಲ ವರದಿ ಕಳಿಸಿದಾಗ ಆ ಮೆಷಿನ್‌ಗೆ ಕೊನೆಗೆ ಲಾಗಿನ್ ಆದವರ ಹೆಸರೂ ಜೊತೆಗೆ ಬರುತ್ತದೆ. ಹೆಸರು ಬದಲಾದರೆ ಹಿಸ್ಟರಿಯಲ್ಲಿ ಹಳೇದು, ಹೊಸದು ಎರಡೂ ಕಾಣುತ್ತವೆ. ಆದರೆ ಏಜೆಂಟ್ ಸಾಮಾನ್ಯವಾಗಿ ವರದಿ ಕಳಿಸುವುದೇ ದಿನಕ್ಕೊಂದು ಸಲ. ಬೆಳಗ್ಗೆ ಹತ್ತಕ್ಕೆ ವರದಿ ಹೋಗಿ, ಮಧ್ಯಾಹ್ನ ಬೇರೆಯವರು ಬಂದು ಕೂತು ಎದ್ದು ಹೋಗಿ, ಸಂಜೆ ಮೊದಲಿನವರೇ ವಾಪಸ್ ಬಂದರೆ ಮಧ್ಯದವರ ಸುಳಿವೇ ಇರುವುದಿಲ್ಲ. ಇದು ಫೋಟೋ ಇದ್ದ ಹಾಗೆ, ಸಿಸಿಟಿವಿ ಅಲ್ಲ. ಈ ಮೆಷಿನ್ ಸಾಮಾನ್ಯವಾಗಿ ಯಾರ ಕೈಯಲ್ಲಿದೆ ಅನ್ನುವುದಕ್ಕೆ ಸಾಕು. 68 ಎಷ್ಟು ಹೊತ್ತಿಗೆ 86 ಆಯಿತು ಅನ್ನುವುದಕ್ಕೆ ಸಾಲದು.

ಇನ್ನೊಂದು ನಗುವ ವಿಷಯ. ಮೊದಲ ವಾರ ವೇ ಬ್ರಿಡ್ಜ್ ಮೆಷಿನ್‌ನಲ್ಲಿ ಬಂದ ಹೆಸರು 'ಆಫೀಸ್'. ಎರಡನೇ ವಾರವೂ 'ಆಫೀಸ್'. ಮೂರು ಜನ ಒಂದೇ ಲಾಗಿನ್ ಬಳಸುತ್ತಿದ್ದರು, ಪಾಸ್‌ವರ್ಡ್ ಕೀಬೋರ್ಡ್ ಕೆಳಗೆ ಚೀಟಿಯಲ್ಲಿ ಅಂಟಿಸಿತ್ತು, ಅದೂ ನನ್ನದೇ ಕೈಬರಹ! ಹೀಗಿದ್ದರೆ ಲಕ್ಷ ರೂಪಾಯಿ ಸಾಫ್ಟ್‌ವೇರ್ ತಂದರೂ ಅಷ್ಟೇ ಅಲ್ವಾ. ನಮ್ಮಲ್ಲಿ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ, ಹಾಗಾಗಿ ಪ್ರತಿ ಮೆಷಿನ್‌ಗೂ ಹೋಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿದೆ. ವೇ ಬ್ರಿಡ್ಜ್ ಅಕ್ಕ ಕೇಳಿಯೇಬಿಟ್ಟರು, "ನಮ್ಮ ಮೇಲೆ ಕಣ್ಣಿಡೋಕಾ ಇದು?" ಯಾಕೆ ಹಾಕಿದ್ದು, ಏನೇನು ಕಾಣುತ್ತದೆ ಅಂತ ಅವರನ್ನೇ ಕೂರಿಸಿಕೊಂಡು ನನ್ನ ಪರದೆಯಲ್ಲಿ ತೋರಿಸಿದೆ. ಆಮೇಲೆ ಅವರೇ ಎದ್ದು ಹೋಗುವಾಗ ವಿಂಡೋಸ್ ಬಟನ್ ಜೊತೆ ಎಲ್ ಒತ್ತಿ ಲಾಕ್ ಮಾಡುವುದು ಕಲಿತರು.

ನಿಜವಾದ ಸಮಯ ಬೇಕಿದ್ದರೆ ವಿಂಡೋಸ್ ತಾನೇ ಬರೆದಿಡುವ ಸೆಕ್ಯುರಿಟಿ ಲಾಗ್ ನೋಡಬೇಕು. ಅಲ್ಲಿ ಒಂದೊಂದು ಬಗೆಯ ಘಟನೆಗೂ ಒಂದೊಂದು ನಂಬರ್. 4624 ಅಂದರೆ ಲಾಗಿನ್ ಆಯಿತು, 4625 ಅಂದರೆ ಪ್ರಯತ್ನಪಟ್ಟು ಆಗಲಿಲ್ಲ, 4647 ಅಂದರೆ ತಾವೇ ಲಾಗ್ ಆಫ್ ಮಾಡಿದರು. 4624 ಹುಡುಕಿದ ಕೂಡಲೇ ಸಾವಿರಾರು ಸಾಲು ಬರುತ್ತವೆ ಮಾರಾಯ್ರೇ, ಗಾಬರಿಯಾಗಬೇಡಿ. ಅದರೊಳಗೆ ಲಾಗಾನ್ ಟೈಪ್ ಅಂತ ಒಂದು ನಂಬರ್ ಇರುತ್ತದೆ. 5 ಇದ್ದರೆ ಹಿಂದೆ ತಾನಾಗಿಯೇ ಓಡುವ ಯಾವುದೋ ಸರ್ವಿಸ್, 3 ಇದ್ದರೆ ನೆಟ್‌ವರ್ಕ್‌ನಿಂದ ಯಾರೋ ಶೇರ್ಡ್ ಫೋಲ್ಡರ್ ತೆರೆದದ್ದು. ಮನುಷ್ಯ ಎದುರಿಗೆ ಕೂತರೆ 2, ಲಾಕ್ ತೆಗೆದರೆ 7, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬಂದರೆ 10. ಎನಿಡೆಸ್ಕ್‌ನಲ್ಲಿ (ದೂರದಿಂದ ಪರದೆ ನೋಡುವ ಬೇರೆ ಸಾಫ್ಟ್‌ವೇರ್) ಬಂದವರು 10 ಆಗಿ ಕಾಣುವುದಿಲ್ಲ, ಆಗಲೇ ತೆರೆದಿರುವ ಪರದೆಗೇ ಬಂದು ಸೇರುತ್ತಾರೆ. ಈ ಲಾಗ್‌ನ ಅಳತೆ ಸುಮ್ನೆ ಬಿಟ್ಟರೆ 20 ಎಂಬಿ, ತುಂಬಿದರೆ ಹಳೇದು ಅಳಿಸಿಹೋಗುತ್ತದೆ. ಟ್ಯಾಲಿ ಫೋಲ್ಡರ್ ಶೇರ್ ಮಾಡಿರುವ ಮೆಷಿನ್‌ನಲ್ಲಿ ಅದು ಬೇಗ ತುಂಬುತ್ತದೆ. ಮೊದಲು ಅದನ್ನು ದೊಡ್ಡದು ಮಾಡಿ.

ಆಲ್ದೂರಿನ ಮೆಷಿನ್ ಒಂದು ಬೇರೆಯೇ ಕಥೆ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಲಾಗ್ ತೆರೆದರೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ 2009ರಲ್ಲಿ ಲಾಗಿನ್ ಆಗಿದ್ದಾರೆ! ಮದರ್‌ಬೋರ್ಡ್‌ನ ಬಟನ್ ಬ್ಯಾಟರಿ ಸತ್ತಿತ್ತು, ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು, ಇಂಟರ್‌ನೆಟ್ ಸಿಕ್ಕಮೇಲಷ್ಟೇ ಸರಿಯಾಗುತ್ತಿತ್ತು. ಸಿಆರ್2032 ಅಂತ ಕೇಳಿ, ಯಾವ ಅಂಗಡಿಯಲ್ಲೂ ಸಿಗುತ್ತದೆ.

ಧಣಿಗಳಿಗೆ ಇದೆಲ್ಲ ತೋರಿಸಿದಾಗ ಹೊಸ ಆಸೆ ಹುಟ್ಟಿತು, ಇದರಿಂದಲೇ ಹಾಜರಿ ತೆಗೆಯೋಣ ಅಂದರು. ಬೇಡ ಅಂದೆ. ಲಾಗಿನ್ ಆಗಿ ಇಡೀ ದಿನ ಮೊಬೈಲ್ ನೋಡುವವರೂ ಇದ್ದಾರೆ, ಗೋಡೌನ್‌ನಲ್ಲಿ ತೇವಾಂಶ ನೋಡುತ್ತಾ ಬೆಳಗ್ಗೆಯಿಂದ ಕಂಪ್ಯೂಟರ್ ಮುಟ್ಟದವರೂ ಇದ್ದಾರೆ. ಅವರು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಲಾಗಿನ್ ಲೆಕ್ಕಕ್ಕೆ ಅಂತಲೇ ಹಾಕುವವರು ಹಾಕಬೇಡಿ, ಹತ್ತಕ್ಕಿಂತ ಜಾಸ್ತಿ ಮೆಷಿನ್ ಇದ್ದು ಯಾವುದು ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಖಂಡಿತ ಹಾಕಿ. ಎಲ್ಲಾ ಮೆಷಿನ್‌ಗಳ 4624 ಒಂದೇ ಕಡೆ ಬರುವ ಹಾಗೆ ಮಾಡಬೇಕು ಅಂತ ಇದೆ, ಅದು ರೊಬಸ್ಟಾ ಲಾರಿಗಳು ಮುಗಿದ ಮೇಲೆ. 68 ಅನ್ನು 86 ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.