ಹೋಂಸ್ಟೇ ಬಿಸಿನೀರಿಗೆ ಗೀಸರ್ರೋ, ಸೋಲಾರೋ, ಹೀಟ್ ಪಂಪೋ?

ಚಿಕ್ಕಮಗಳೂರಿನ ಹತ್ತಿರ ಹೋಂಸ್ಟೇ ಕಟ್ಟಿಸುತ್ತಿರುವ ಗೆಳೆಯನ ಪ್ರಶ್ನೆ ಇದು. ಜೊತೆಗೊಂದು ಬಾಲ: "ನಾಳೆ ಇಂಗಾಲಕ್ಕೂ ಬೆಲೆ ಕಟ್ಟಿದರೆ?"

ಗೀಸರ್ ಅಗ್ಗ, ನಿಜ. 20 ಡಿಗ್ರಿಯ 25 ಲೀಟರ್ ನೀರನ್ನು 50ಕ್ಕೆ ಏರಿಸಲು ಹತ್ತಿರಹತ್ತಿರ ಒಂದು ಯೂನಿಟ್ ಬೇಕು. ನಮ್ಮ ದೇಶದ ಕರೆಂಟಿನಲ್ಲಿ ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್. ಟನ್ನಿಗೆ 1,000 ರೂಪಾಯಿ ತೆರಿಗೆ ಬಿತ್ತು ಅಂದುಕೊಳ್ಳಿ, ಯೂನಿಟ್‌ಗೆ 70 ಪೈಸೆ ಜಾಸ್ತಿ. ಅಷ್ಟಕ್ಕೆ ಯಾರೂ ಸ್ನಾನ ಬಿಡಲ್ಲ. ಆದರೆ ಆರು ರೂಮು, ವರ್ಷಪೂರ್ತಿ ಅಂದರೆ ಲೆಕ್ಕ ಬೇರೆ ಅಲ್ವಾ?

ಹೀಟ್ ಪಂಪ್ ಅಂದರೆ ಫ್ರಿಜ್ಜಿನ ಉಲ್ಟಾ, ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಯಂತ್ರ. ಅದು ಅದೇ ಕೆಲಸವನ್ನು ಸುಮಾರು ಮೂರನೇ ಒಂದು ಪಾಲು ಕರೆಂಟಿನಲ್ಲಿ ಮಾಡುತ್ತದೆ. ತೆರಿಗೆಯೂ ಅಷ್ಟೇ ಇಳಿಯುತ್ತದೆ. ಸ್ವೀಡನ್ 1991ರಲ್ಲೇ ಇಂಗಾಲ ತೆರಿಗೆ ತಂದಿತು. ಅಲ್ಲಿ ಮನೆಗಳ ಎಣ್ಣೆ ಬಾಯ್ಲರ್‌ಗಳು ಮೂಲೆಗೆ ಸರಿಯಲು ಅದೂ ಒಂದು ಕಾರಣ. ನಮ್ಮಲ್ಲಿ 2023ರ ಕಾರ್ಬನ್ ಕ್ರೆಡಿಟ್ ಯೋಜನೆ (ಗುರಿಗಿಂತ ಕಡಿಮೆ ಇಂಗಾಲ ಬಿಟ್ಟವರು ಆ ಉಳಿತಾಯವನ್ನು ಮಾರಬಹುದು) ಸಿಮೆಂಟ್, ಅಲ್ಯೂಮಿನಿಯಂನಂಥ ದೊಡ್ಡ ಕಾರ್ಖಾನೆಗಳ ಮೇಲೆ ಕಣ್ಣಿಟ್ಟಿದೆ. ಹೋಂಸ್ಟೇ ಬಿಲ್ಲಿನ ಮೇಲಲ್ಲ.

ಸೋಲಾರ್‌ಗೆ ಇಂಧನವೇ ಬೇಡ. ಆದರೆ ಮಲೆನಾಡಿನ ಆಷಾಢದಲ್ಲಿ ನಲ್ಲಿ ತಿರುಗಿಸಿ ನೋಡಿ, ಬೆರಳು ಮರಗಟ್ಟುತ್ತದೆ! ಬಿಸಿಲಿಲ್ಲದ ದಿನ ಕರೆಂಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇಲ್ಲದ ಸೋಲಾರ್ ಸುಮ್ನೆ ತಗೋಬೇಡ ಅಂದೆ.

ನನ್ನ ಓಟು ಕಾಯಿಲ್ ಇರುವ ಸೋಲಾರ್‌ಗೆ. ರೂಮು ಹತ್ತು ದಾಟಿದರೆ ಹೀಟ್ ಪಂಪ್. ಹಿತ್ತಲಿನ ಹಂಡೆ ಒಲೆಯನ್ನಂತೂ ಕೀಳಬೇಡ. ತೋಟದ ಒಣ ರೆಂಬೆಗೆ ಇನ್ನೂ ಯಾರೂ ತೆರಿಗೆ ಹಾಕಿಲ್ಲ.